ಶಿವಕಾಂತಾಳ ವಯಸ್ಸು

ಸುಲಭಾ ಗಲಗಲಿಯವರ ಬಗ್ಗೆ ಒಂದೂವರೆ ಪುಟ ಬರೆದುಕೊಡಿ ಎಂದು ನಮ್ಮ ಪುಣೆಯ ಕೋಥರೂಡದ ಕನ್ನಡ ಬಳಗದ ಕಾರ್ಯದರ್ಶಿ ಸಿದ್ದಾರೂಢ ಮೂರು ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾರೆ. ವಾರ್ಷಿಕ ಸಂಚಿಕೆಯಲ್ಲಿ 'ನಮ್ಮ ಹೆಮ್ಮೆ' ಎಂಬ ಅಂಕಣವಂತೆ. ಅರ್ಧ ಪುಟ ಫೋಟೋಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಅವರು ಎಷ್ಟು ಕಷ್ಟಪಟ್ಟು ಓದಿದರು, ಐವತ್ತು ದಾಟಿದ ಮೇಲೂ ಹೊರದೇಶದ ಪರೀಕ್ಷೆಯನ್ನು ಹೇಗೆ ಪಾಸು ಮಾಡಿದರು ಎಂದು ಬರೆದರೆ ಹುಡುಗರಿಗೆ ಸ್ಫೂರ್ತಿ ಬರುತ್ತದಂತೆ. ಸ್ಫೂರ್ತಿ ಬೇಕಾದವರು ಮೊದಲ ಪುಟದಲ್ಲಿರುವ ಅಧ್ಯಕ್ಷರ ಸಂದೇಶ ಓದಿಕೊಳ್ಳಲಿ. ನಾನು ಹೋಗಿ ಸುಲಭಾಬಾಯಿಯವರನ್ನೇ ಕೇಳಿದೆ.

'ಬರೀರಿ,' ಎಂದರು. 'ಆದ್ರ ಶರಣಮ್ಮನ ವಿಷಯಾನೂ ಬರೀಬೇಕು. ಅದನ್ನ ಬಿಟ್ಟು ಬರಿಯೂದಾದ್ರ ಬ್ಯಾಡ.'

ಹಾಗಾಗಿ ಇದು ಒಂದೂವರೆ ಪುಟದಲ್ಲಿ ಮುಗಿಯುವುದಿಲ್ಲ. ಸಿದ್ದಾರೂಢರು ಬೇಕಾದರೆ ಫೋಟೋ ಕಿತ್ತುಹಾಕಲಿ.

ನಾನು ಮಾರ್ತಾಂಡ. ಊರು ಗೋಕಾಕದ ಕಡೆ. ಪುಣೆಗೆ ಬಂದು ಮೂವತ್ತೇಳು ವರ್ಷವಾಯಿತು. ಒಂದು ವೈದ್ಯಕೀಯ ಕಾಲೇಜಿನಲ್ಲಿ ಶವಪರೀಕ್ಷೆಯ ವಿಭಾಗದಲ್ಲಿ ಸಹಾಯಕನಾಗಿದ್ದು ಕಳೆದ ವರ್ಷ ನಿವೃತ್ತನಾದೆ. ಯಾರಾದರೂ ವಿಚಾರಿಸಿದರೆ ಮನೆಯವರು 'ಕಾಲೇಜಿನಲ್ಲಿದ್ದಾರೆ' ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ನನ್ನ ಕೆಲಸ ಎಲುಬು ತೊಳೆಯುವುದು. ಪೊಲೀಸರು ಚೀಲದಲ್ಲಿ ಎಲುಬು ತಂದರೆ ಮಣ್ಣು ಬಿಡಿಸಿ, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಹಳೆಯ ಮರಾಠಿ ಪತ್ರಿಕೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ತಲೆಯಿಂದ ಪಾದದವರೆಗೆ ಮೇಜಿನ ಮೇಲೆ ಜೋಡಿಸಿ ಇಡುತ್ತಿದ್ದೆ. ಆಮೇಲೆ ಸುಲಭಾಬಾಯಿ, ನಾನು ಬಾಯಾರು ಎಂದೇ ಕರೆಯುವುದು, ಬಂದು ಅಳತೆ ಹಿಡಿಯುತ್ತಿದ್ದರು. ಗಂಡೋ ಹೆಣ್ಣೋ, ಎತ್ತರ ಎಷ್ಟು, ಸಾಯುವಾಗ ವಯಸ್ಸು ಎಷ್ಟಿತ್ತು, ಎಲ್ಲಾದರೂ ಪೆಟ್ಟು ಬಿದ್ದಿದೆಯೇ, ಇಷ್ಟನ್ನು ಎಲುಬು ನೋಡಿ ಹೇಳುವುದು ಅವರ ವಿದ್ಯೆ.

ಅವರು ಧಾರವಾಡದ ಮಾಳಮಡ್ಡಿಯ ಹುಡುಗಿ. ಅಲ್ಲಿಯೇ ಮಾನವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದರು. ವಿಮಾ ಕಚೇರಿಯ ಅವಧೂತರಾಯರನ್ನು ಮದುವೆಯಾಗಿ ಕೋಥರೂಡಕ್ಕೆ ಬಂದರು, ನಮ್ಮ ವಿಭಾಗದಲ್ಲಿ ವೈಜ್ಞಾನಿಕ ಸಹಾಯಕಿ ಎಂಬ ಹುದ್ದೆ ಹಿಡಿದರು, ಇಪ್ಪತ್ತೆರಡು ವರ್ಷ ಅದೇ ಹುದ್ದೆಯಲ್ಲಿ ಉಳಿದರು. ದಿನವಿಡೀ ಡಾಕ್ಟರರ ಜೊತೆ, ಪೊಲೀಸರ ಜೊತೆ ಮರಾಠಿ ಮಾತಾಡುತ್ತಿದ್ದ ಅವರು ಎಲುಬಿನ ಜೊತೆ ಮಾತ್ರ ಕನ್ನಡ ಮಾತಾಡುತ್ತಿದ್ದರು. 'ಹೇಳವ್ವಾ, ಎಷ್ಟು ವಯಸ್ಸು ನಿನಗ? ನಾಚಬ್ಯಾಡ, ಹೇಳು,' ಎಂದು ತೊಡೆಯೆಲುಬನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಹೊಸದಾಗಿ ಬಂದ ಡಾಕ್ಟರ್ ಹುಡುಗಿಯರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಬಾಯಾರ ವರದಿಯನ್ನು ವಿಭಾಗದ ಡಾಕ್ಟರರು ತಮ್ಮ ವರದಿಯೊಳಗೆ ಸೇರಿಸಿ, ಕೆಳಗೆ ತಮ್ಮ ಹೆಸರು ಹಾಕಿ ಕಳಿಸುತ್ತಿದ್ದರು. ಸುಲಭಾಬಾಯಿಯ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ.

ಎರಡು ಸಾವಿರದ ಹದಿನಾರರ ಜನವರಿಯಲ್ಲಿ ಊರಂಚಿನ ಖರಾಡಿಯ ಕಡೆಯಿಂದ ಒಂದು ಚೀಲ ಬಂತು. ನದಿಯ ಅಂಚಿನಲ್ಲಿ ಹೊಸ ಕಟ್ಟಡಕ್ಕೆ ಪೊದೆ ಸವರುವಾಗ ಸಿಕ್ಕಿದ ಎಲುಬುಗಳು. ಮಳೆಗಾಲದಲ್ಲಿ ನೀರು ಹರಿಯುವ ಜಾಗ. ಬಟ್ಟೆ, ಬಳೆ, ಏನೂ ಉಳಿದಿರಲಿಲ್ಲ. ವಯಸ್ಸು ತಿಳಿಯಲು ಸೊಂಟದ ಎಲುಬಿನ ಮುಂಭಾಗ ಬೇಕು. ಅದನ್ನೇ ನಾಯಿಗಳು ಕಡಿದು ಹಾಕಿದ್ದವು. ಉಳಿದದ್ದನ್ನು ತೊಳೆದು ಜೋಡಿಸಿದೆ. ಹೆಣ್ಣು, ಎತ್ತರ ಐದಡಿಯ ಆಸುಪಾಸು ಎಂದು ಬಾಯಾರು ಬೇಗನೆ ಹೇಳಿದರು. ಕುತ್ತಿಗೆಯ ಮಣಿಗಳನ್ನು ಎತ್ತಿಕೊಂಡಾಗ ಮುಖ ಗಂಭೀರವಾಯಿತು. ಮಣಿಗಳ ಅಂಚು ಸವೆದು, ಚೂಪುಚೂಪಾಗಿ ಹೊರಗೆ ಬೆಳೆದಿತ್ತು. ಬೆನ್ನಿನ ಕೆಳಗಿನ ಮಣಿಗಳೂ ಹಾಗೆಯೇ ಇದ್ದವು. ಹಲ್ಲು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕಿ ಕಪ್ಪಾಗಿ, ಕಲ್ಲುಪುಡಿ ಬೆರೆತ ಹಿಟ್ಟಿನ ರೊಟ್ಟಿ ತಿಂದು ಸಮತಟ್ಟಾಗಿದ್ದವು.

'ನೋಡ್ರಿ ಮಾರ್ತಾಂಡರ,' ಎಂದು ನಕ್ಕರು, 'ಹೋದ ವಾರ ನನ್ನ ಕುತ್ತಿಗಿ ಎಕ್ಸ್‌ರೇ ತಗಸಿದ್ನೆಲ್ಲಾ, ಅದೂ ಹಿಂಗಽ ಅದ. ಈಕಿ ನನಗಿಂತ ಒಂದೆರಡು ವರ್ಷ ದೊಡ್ಡಾಕಿ ಇರಬೇಕು.'

ಆಗ ಅವರಿಗೆ ನಲವತ್ಮೂರು. ಕುರ್ಚಿಯಲ್ಲಿ ಕೂತು, ಮೈಕ್ರೋಸ್ಕೋಪಿನ ಮೇಲೆ ಬಾಗಿ ನಲವತ್ಮೂರಕ್ಕೆ ಸವೆದ ಕುತ್ತಿಗೆ ಅವರದು. ಎಲುಬಿನ ಪುಸ್ತಕಗಳಲ್ಲಿರುವ ಕುತ್ತಿಗೆಗಳೂ ಅಂಥವರವೇ. ನಮ್ಮ ಕಾಲೇಜಿಗೆ ದೇಹದಾನ ಮಾಡುವವರು ಸದಾಶಿವ ಪೇಠೆಯ ನಿವೃತ್ತ ಮಾಸ್ತರರು, ಬ್ಯಾಂಕಿನವರು. ಅವರ ಎಲುಬು ನೋಡಿ ನೋಡಿ ನಮ್ಮ ಕಣ್ಣು ಪಳಗಿತ್ತು. ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತವರು ದೇಹದಾನ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಕೊರಳ ಬುಡದಲ್ಲಿ ಅಡ್ಡಡ್ಡ ಇರುವ ಎಲುಬು, ಎಲ್ಲರೂ ಕಾಲರ್ ಬೋನ್ ಅನ್ನುವುದು, ಅದರ ಒಳತುದಿ ಒರಟಾಗಿ, ಉತ್ತ ಹೊಲದಂತೆ ಗೆರೆಗೆರೆಯಾಗಿತ್ತು. ಬಾಯಾರು ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ನಾನು ದೊಡ್ಡ ಪಂಡಿತನಂತೆ ಬಾಯಿ ಹಾಕಿದೆ. 'ಮಣ್ಣು ತಿಂದದ್ರಿ ಬಾಯಾರ. ಹಸಿ ಜಾಗಾದಾಗ ಹಿಂಗ ಆಗ್ತದ.' ಅವರು ತಲೆಯಾಡಿಸಿ, ತುದಿ ಸವೆದಿದೆ ಎಂದು ಬರೆದುಕೊಂಡರು. ವರದಿ ಹೋಯಿತು: ಹೆಣ್ಣು, ವಯಸ್ಸು ನಲವತ್ತರಿಂದ ಐವತ್ತು, ಪೆಟ್ಟಿನ ಗುರುತಿಲ್ಲ.

ಮೂರು ವಾರದ ಮೇಲೆ ಒಬ್ಬ ಹವಾಲ್ದಾರ ಶರಣಮ್ಮನನ್ನು ಕರೆದುಕೊಂಡು ಬಂದ. ಯಾದಗಿರಿ ಕಡೆಯ ಹೆಣ್ಣುಮಗಳು, ಇಪ್ಪತ್ತು ವರ್ಷದಿಂದ ಪುಣೆಯ ಕಟ್ಟಡಗಳ ಮೇಲೆ ಕೆಲಸ. ಅವಳ ಮದುವೆಯಾದ ಮಗಳು ಶಿವಕಾಂತಾ ಒಂದೂವರೆ ವರ್ಷದ ಹಿಂದೆ, ಶ್ರಾವಣದಲ್ಲಿ, ಬೆಳಿಗ್ಗೆ ಕೆಲಸಕ್ಕೆಂದು ಶೆಡ್ಡಿನಿಂದ ಹೋದವಳು ತಿರುಗಿ ಬಂದಿರಲಿಲ್ಲ. ಗಾರೆ ಕೆಲಸದ ಗೌಂಡಿಯೊಬ್ಬನ ಜೊತೆ ಓಡಿಹೋದಳು ಎಂದು ಗುತ್ತಿಗೆದಾರ ಪೊಲೀಸರಿಗೆ ಹೇಳಿದ್ದ. ಪೊಲೀಸರೂ ನಂಬಿದ್ದರು, ನಂಬುವುದು ಸುಲಭವಾಗಿತ್ತು. ನದಿಯ ಅಂಚಿನಲ್ಲಿ ಎಲುಬು ಸಿಕ್ಕ ಸುದ್ದಿ ಕೇಳಿ ಶರಣಮ್ಮ ತಾನಾಗಿಯೇ ಠಾಣೆಗೆ ಹೋಗಿದ್ದಳು.

'ಮಗಳ ವಯಸ್ಸೆಷ್ಟವ್ವಾ?' ಎಂದು ಬಾಯಾರು ಕೇಳಿದರು.

ಆಸ್ಪತ್ರೆಯೊಳಗೆ ತನ್ನ ಮಾತು ಕೇಳಿಯೇ ಶರಣಮ್ಮನಿಗೆ ಅರ್ಧ ಜೀವ ಬಂತು. 'ಹೋದಾಗ ಇಪ್ಪತ್ತೆರಡು ಇರಬೇಕ್ರಿ ಯವ್ವಾ. ಭೂಕಂಪ ಆಗಿತ್ತಲ್ರಿ, ಅದರ ಹಿಂದಿನ ವರ್ಷ ಹುಟ್ಯಾಳ.'

'ಹಂಗಾದ್ರ ಇವು ನಿನ್ನ ಮಗಳವು ಅಲ್ಲ. ಇವು ನಿನ್ನ ವಾರಿಗಿ, ನಿನ್ನಷ್ಟಽ ವಯಸ್ಸಾದ ಹೆಣ್ಮಗಳವು.'

ಶರಣಮ್ಮ ಅಲ್ಲಿಯೇ ಗೋಡೆಗೆ ಒರಗಿ ಕೂತಳು. ಮೊದಲು ನಕ್ಕಳು, ಆಮೇಲೆ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಬೇಡ ಬೇಡ ಎಂದರೂ ಕೇಳದೆ ಬಾಯಾರ ಕಾಲು ಮುಟ್ಟಿದಳು. 'ನಿನ್ನ ಹೊಟ್ಟಿ ತಣ್ಣಗಿರಲಿ ಯವ್ವಾ,' ಎಂದಳು. ನಾನು ಕ್ಯಾಂಟೀನಿನಿಂದ ಚಹಾ ತಂದುಕೊಟ್ಟೆ. ನಮ್ಮ ವಿಭಾಗದಿಂದ ನಗುತ್ತಾ ಹೊರಗೆ ಹೋಗುವವರು ಇರುವುದಿಲ್ಲ. ಆ ದಿನ ಒಬ್ಬಳು ಹೋದಳು ಎಂದು ನಾವಿಬ್ಬರೂ ಸಂಜೆಯವರೆಗೆ ಖುಷಿಯಲ್ಲಿದ್ದೆವು. ಆ ಖುಷಿ ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳಬೇಕು ಅನ್ನಿಸುತ್ತದೆ.

ಆ ಎಲುಬುಗಳ ಜೊತೆಗಿದ್ದ ಒಂದು ದವಡೆ ಹಲ್ಲನ್ನು ಪೊಲೀಸರು ಮೊದಲೇ ಡಿಎನ್‌ಎ ಪರೀಕ್ಷೆಗೆಂದು ಸರಕಾರಿ ಪ್ರಯೋಗಾಲಯದಲ್ಲಿ ಇರಿಸಿದ್ದರು. ಶರಣಮ್ಮನ ರಕ್ತ ತೆಗೆದು ಹೋಲಿಸಿ ನೋಡಬಹುದಿತ್ತು. ವಯಸ್ಸೇ ಹೊಂದುವುದಿಲ್ಲ ಎಂದ ಮೇಲೆ ಯಾರಿಗೂ ಅದು ಬೇಕೆನಿಸಲಿಲ್ಲ. ಎಲುಬುಗಳನ್ನು ಪೆಟ್ಟಿಗೆಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಒಳಗಿನ ಕೋಣೆಯ ಕಪಾಟಿನಲ್ಲಿ ಇಟ್ಟೆ. ಶರಣಮ್ಮ ಮುಂದೆ ಮೂರು ವರ್ಷ ಶ್ರಾವಣದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. 'ಬ್ಯಾರೇವು ಬಂದಾವೇನ್ರಿ ಯಪ್ಪಾ?' ಎಂದು ಕೇಳುತ್ತಿದ್ದಳು. ಇಲ್ಲವ್ವಾ ಎಂದರೆ ಕೈ ಮುಗಿದು ಹೋಗುತ್ತಿದ್ದಳು. ಅವಳು ನಿಂತು ಕೇಳುತ್ತಿದ್ದ ಜಾಗದಿಂದ ಆ ಪೆಟ್ಟಿಗೆ ಹತ್ತು ಹೆಜ್ಜೆ ದೂರವೂ ಇರಲಿಲ್ಲ. ನಾಲ್ಕನೆಯ ವರ್ಷ ಅವಳು ಬರಲಿಲ್ಲ.

ಆ ವರ್ಷವೇ ಒಂದು ಬೇರೆ ಪ್ರಕರಣದಲ್ಲಿ, ಎಲುಬು ಅಳೆದವರೇ ಬರಲಿ ಎಂದು, ಬಾಯಾರನ್ನು ಸಾಕ್ಷಿಗೆ ಕರೆದರು. ಜೊತೆಗೆ ನಾನೂ ಹೋಗಿದ್ದೆ. ಆರೋಪಿಯ ವಕೀಲ ಎದ್ದು ನಿಂತು, 'ತುಮ್ಹೀ ಡಾಕ್ಟರ್ ಆಹಾತ್ ಕಾ?' ಎಂದ. 'ನಾಹೀ,' ಎಂದರು. 'ಮಗ್ ಕೋಣ್ ಆಹಾತ್?' ಎಂದ. ಡಾಕ್ಟರ್ ಅಲ್ಲದಿದ್ದರೆ ನೀವು ಯಾರು ಎಂಬ ಪ್ರಶ್ನೆಗೆ ಕೋರ್ಟಿನಲ್ಲಿ ಕೂತವರೆಲ್ಲ ನಕ್ಕರು. ಬಾಯಾರು ತಮ್ಮ ಹುದ್ದೆಯ ಹೆಸರು ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಬರುವಾಗ ಬಸ್ಸಿನಲ್ಲಿ ಸ್ವಾರಗೇಟಿನವರೆಗೂ ಸಾಕ್ಷಿಯ ಸಮನ್ಸನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರು.

'ನಾ ಯಾರು ಅಂತ ಹೇಳೂದಕ್ಕ ಒಂದು ಕಾಗದ ಬೇಕು ನೋಡ್ರಿ ಮಾರ್ತಾಂಡರ,' ಎಂದರು ಕೊನೆಗೆ.

ಆ ಕಾಗದ ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ. ಹೊರದೇಶದ ಒಂದು ಮಂಡಳಿ ಎಲುಬಿನ ತಜ್ಞರಿಗೆ ಮೇಲ್ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ತಾನೇ ನೋಡಿದ ಹತ್ತು ಪ್ರಕರಣಗಳನ್ನು ವಿವರವಾಗಿ ಬರೆದು ಕಳಿಸಬೇಕು, ವಿಭಾಗದ ಮುಖ್ಯಸ್ಥರ ಪತ್ರ ಬೇಕು, ಬರವಣಿಗೆಯ ಪರೀಕ್ಷೆ, ಕಡೆಗೆ ಎದುರಿಗೆ ಎಲುಬಿಟ್ಟು ಕೇಳುವ ಪರೀಕ್ಷೆ. ನಾಲ್ಕು ವರ್ಷ ಓದಿದರು. ಬೆಳಿಗ್ಗೆ ಐದಕ್ಕೆ ಎದ್ದು ಕಂಪ್ಯೂಟರಿನಲ್ಲಿ ಪಾಠ ಕೇಳಿ, ಒಂಬತ್ತಕ್ಕೆ ಸ್ಕೂಟರಿನ ಮೇಲೆ ಕಾಲೇಜಿಗೆ ಬರುತ್ತಿದ್ದರು. ಅವಧೂತರಾಯರು ಚಹಾ ಮಾಡುವುದನ್ನು ಕಲಿತು, ಆ ಸಾಹಸವನ್ನು ಸೊಸೈಟಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದರು. ಕಷ್ಟಪಟ್ಟದ್ದು ನಿಜ. ಸಿದ್ದಾರೂಢರಿಗೆ ಬೇಕಾದದ್ದು ಇಷ್ಟೇ ಆಗಿದ್ದರೆ ನಾನು ಇಲ್ಲಿಗೆ ಮುಗಿಸಬಹುದಿತ್ತು.

ಎರಡು ಸಾವಿರದ ಇಪ್ಪತ್ಮೂರರ ಫೆಬ್ರವರಿಯಲ್ಲಿ ಹತ್ತು ಪ್ರಕರಣಗಳನ್ನು ಆರಿಸಿದರು. ಖರಾಡಿಯದು ಅದರಲ್ಲಿ ಏಳನೆಯದು. ಅದೇ ವಾರ ಪಾಠದಲ್ಲಿ ಹೊರೆ ಹೊರುವವರ ಎಲುಬಿನ ವಿಷಯ ಬಂತು. ಎಳೆ ವಯಸ್ಸಿನಿಂದ ತಲೆಯ ಮೇಲೆ ಭಾರ ಹೊತ್ತವರ ಕುತ್ತಿಗೆ ಇಪ್ಪತ್ತರಲ್ಲೇ ಐವತ್ತರಂತೆ ಕಾಣುತ್ತದೆ, ಅದನ್ನು ನಂಬಿ ವಯಸ್ಸು ಹೇಳಬೇಡಿ, ಕಾಲರ್ ಬೋನಿನ ಒಳತುದಿ ನೋಡಿ ಎಂದು ಅವರ ಗುರುಗಳು ತೋರಿಸಿದರು. ಮೈಯೊಳಗಿನ ಎಲುಬುಗಳಲ್ಲಿ ಕಟ್ಟಕಡೆಗೆ ಬೆಳೆದು ಮುಗಿಯುವ ಜಾಗ ಅದು. ಇಪ್ಪತ್ತೈದರ ಆಸುಪಾಸಿನಲ್ಲಿ ಅದರ ಮೇಲೆ ಒಂದು ತೆಳು ಮುಚ್ಚಳ ಕೂಡಿಕೊಂಡು ನುಣುಪಾಗುತ್ತದೆ. ಅಲ್ಲಿಯವರೆಗೆ ಗೆರೆಗೆರೆಯಾಗಿಯೇ ಇರುತ್ತದೆ.

ಮರುದಿನ ನಾನು ಊಟಕ್ಕೆ ಹೋದಾಗ ಬಾಯಾರು ಒಬ್ಬರೇ ಆ ಪೆಟ್ಟಿಗೆ ಇಳಿಸಿ, ಆ ಎಲುಬನ್ನು ಕೈಗೆ ತೆಗೆದುಕೊಂಡರಂತೆ. ಮಣ್ಣು ಏನನ್ನೂ ತಿಂದಿರಲಿಲ್ಲ. ಅದು ಇನ್ನೂ ಬೆಳೆಯುತ್ತಿದ್ದ ಎಲುಬು. ದುಡಿಮೆಯನ್ನು ನೋಡಿ ವಯಸ್ಸು ಎಂದು ಬರೆದಿದ್ದೆವು.

ಆಗಲೇ ಎದ್ದು ಹೋಗಿ ಪೊಲೀಸರಿಗೆ ಒಂದು ಪತ್ರ ಬರೆದಿದ್ದರೆ! ಬರೆಯಲಿಲ್ಲ. ಮಂಡಳಿಗೆ ಕಳಿಸಬೇಕಾದ ಮುಖ್ಯಸ್ಥರ ಪತ್ರದಲ್ಲಿ, ಇವರು ಕೊಟ್ಟ ಯಾವ ಅಭಿಪ್ರಾಯವೂ ಇದುವರೆಗೆ ತಪ್ಪೆಂದು ಕಂಡುಬಂದಿಲ್ಲ ಎಂಬ ಒಂದು ಸಾಲು ಇರಬೇಕಿತ್ತು. ನಮ್ಮ ಮುಖ್ಯಸ್ಥರು ಏಪ್ರಿಲಿನಲ್ಲಿ ನಿವೃತ್ತರಾಗುವವರಿದ್ದರು. ಪತ್ರ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡರು. ಏಳನೆಯ ಪ್ರಕರಣ ತೆಗೆದು ಇನ್ನೊಂದನ್ನು ಸೇರಿಸಿದರು. ಪತ್ರ ಆಯಿತು. ಬರೆಯುವ ಪರೀಕ್ಷೆಯೂ ಆಗಿಬಿಡಲಿ ಎಂದುಕೊಂಡರು, ಅದು ಜೂನಿನಲ್ಲಿ ಆಯಿತು. ಇನ್ನು ಉಳಿದದ್ದು ನವೆಂಬರಿನಲ್ಲಿ ದುಬೈಯಲ್ಲಿ ಎದುರಿಗೆ ಕೊಡುವ ಪರೀಕ್ಷೆ ಒಂದೇ. ಏಳು ವರ್ಷ ಕಾದವರಿಗೆ ಇನ್ನು ನಾಲ್ಕೈದು ತಿಂಗಳಲ್ಲಿ ಏನಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರಂತೆ. ಗಂಡನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಫೋಟೋ ತೆಗೆಯಲೆಂದು ಹೊರಗಿಟ್ಟ ಕಾಲರ್ ಬೋನನ್ನು ಹತ್ತಿಯಲ್ಲಿ ಸುತ್ತಿ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು, ಉಳಿದದ್ದನ್ನು ಪೆಟ್ಟಿಗೆಗೆ ತುಂಬಿ ಕಪಾಟಿಗೆ ಸೇರಿಸಿದರು.

ಅವರು ದುಬೈಗೆ ಹೋದ ವಾರವೇ ನಮ್ಮ ಹೊಸ ಮುಖ್ಯಸ್ಥರಿಗೆ ಕಪಾಟು ಸ್ವಚ್ಛ ಮಾಡುವ ಹುಕಿ ಬಂತು. ವಾರಸುದಾರರಿಲ್ಲದ ಮೂವತ್ತೊಂದು ಪೆಟ್ಟಿಗೆಗಳಿಗೆ ಪೊಲೀಸರ ಒಪ್ಪಿಗೆ ಎಂದೋ ಬಂದು ಫೈಲಿನಲ್ಲಿ ಕೂತಿತ್ತು. ಪಟ್ಟಿ ಮಾಡಿ ಸಹಿ ಹಾಕಿದವನು ನಾನು. ಒಂದೊಂದಾಗಿ ಎತ್ತಿ ಗಾಡಿಯಲ್ಲಿ ಇಟ್ಟವನು ನಾನು. ವಿದ್ಯುತ್ ಚಿತಾಗಾರದಲ್ಲಿ ಒಬ್ಬ ಸಮಾಜಸೇವಕರು ಪೆಟ್ಟಿಗೆಗಳ ಮೇಲೆ ಹೂವು ಹಾಕಿದರು. ನಾನು ಕೈ ಮುಗಿದು ನಿಂತು, ದಿಕ್ಕಿಲ್ಲದವರಿಗೆ ಇಷ್ಟಾದರೂ ಆಯಿತಲ್ಲ ಎಂದು ಒಳ್ಳೆಯ ಮನಸ್ಸಿನಿಂದ ಮನೆಗೆ ಬಂದು ಸ್ನಾನ ಮಾಡಿದೆ.

ಬಾಯಾರು ಸೋಮವಾರ ಬಂದರು. ಪರೀಕ್ಷೆ ಚೆನ್ನಾಗಿ ಆಗಿತ್ತೆಂದು ಮುಖದ ಮೇಲೆಯೇ ಬರೆದಿತ್ತು. ನನಗೆ ಖರ್ಜೂರದ ಪೊಟ್ಟಣ ಕೊಟ್ಟು ನೇರವಾಗಿ ಒಳಗಿನ ಕೋಣೆಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಖಾಲಿ ಕಪಾಟಿನ ಮುಂದೆ ನಿಂತಿದ್ದರು.

'ಖರಾಡಿದು ಎಲ್ಲಿ ಅದ?' ಎಂದರು.

'ಅದೂ ಹೋತ್ರಿ ಬಾಯಾರ. ಮೂವತ್ತೊಂದರಾಗ ಅದೂ ಇತ್ತು.'

ಅವರು ಕಪಾಟಿನ ಹಲಗೆಯನ್ನು ಹಿಡಿದುಕೊಂಡರು. ಆಮೇಲೆ ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಫೆಬ್ರವರಿಯಿಂದ ಆದದ್ದನ್ನೆಲ್ಲ ಹೇಳಿದರು. ನನಗೆ ಸಿಟ್ಟು ಬಂತು.

'ನನಗೊಂದು ಮಾತು ಹೇಳಿದ್ರ ಏನಾಗ್ತಿತ್ರಿ? ಪೆಟಗಿ ಮ್ಯಾಲ ಒಂದು ಕೆಂಪು ಚೀಟಿ ಹಚ್ಚತಿದ್ದೆ. ಯಾರಿಗೂ ಬಾಯಿ ಬಿಡ್ತಿರಲಿಲ್ಲ.'

'ಕಾಗದ ಕೈಗೆ ಬಂದಮ್ಯಾಲ ಹೇಳಬೇಕಂತಿದ್ದೆ,' ಎಂದರು.

ಅವರ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಎಲುಬು ತೊಳೆದು ಇಟ್ಟು, ಬಾಗಿಲು ದೂಡಿ ಹೊರಗೆ ಬರುತ್ತಿದ್ದೆ. ಸಿಟ್ಟು ಇಳಿದ ಮೇಲೆ ಅರ್ಥವಾದದ್ದು ಇಷ್ಟು. ಇಪ್ಪತ್ತೆರಡು ವರ್ಷ ಹೆಸರಿಲ್ಲದೆ ದುಡಿದವರಿಗೆ ಹೆಸರು ಕೈಗೆಟುಕುವಷ್ಟು ಹತ್ತಿರ ಬಂದಾಗ ನಾನಾಗಿದ್ದರೂ ಬಹುಶಃ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಮಣ್ಣು ತಿಂದಿದೆ ಎಂದವನು ನಾನೇ ತಾನೇ. ಆದರೂ ಇವತ್ತಿಗೂ ಅದನ್ನು ಪೂರ್ತಿ ಹೊಟ್ಟೆಗೆ ಹಾಕಿಕೊಳ್ಳಲು ನನ್ನಿಂದ ಆಗಿಲ್ಲ, ಅವರಿಂದಲೂ ಆಗಿಲ್ಲ.

ಜನವರಿಯಲ್ಲಿ ಪ್ರಮಾಣಪತ್ರ ಬಂತು. ಇಷ್ಟು ವರ್ಷ ಅವರ ಹೆಸರು ಬಿಟ್ಟು ವರದಿ ಕಳಿಸಿದ ಡಾಕ್ಟರರೆಲ್ಲ ಬಂದು ಬೆನ್ನು ತಟ್ಟಿ ಎರಡೆರಡು ಪೇಡೆ ತಿಂದರು. ಬಾಯಾರು ಆ ದಿನವೇ ಪೊಲೀಸರಿಗೆ ತಮ್ಮ ವರದಿ ತಪ್ಪೆಂದು ಬರೆದರು. ಮಂಡಳಿಗೂ ಬರೆದು, ಬೇಕಾದರೆ ಪ್ರಮಾಣಪತ್ರ ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ಎರಡು ವಾರಕ್ಕೆ ಉತ್ತರ ಬಂತು. ಆಗಿನ ತಿಳಿವಳಿಕೆಯಲ್ಲಿ ಪ್ರಾಮಾಣಿಕವಾಗಿ ಮಾಡಿದ ತಪ್ಪು, ಪ್ರಮಾಣಪತ್ರ ನಿಮ್ಮಲ್ಲಿಯೇ ಇರಲಿ, ಈ ಪ್ರಕರಣವನ್ನು ಪಾಠಕ್ಕೆ ಬಳಸಿಕೊಳ್ಳಲು ಒಪ್ಪಿಗೆ ಕೊಡುತ್ತೀರಾ ಎಂದು ಕೇಳಿದ್ದರು. ಕ್ಷಮಿಸಲು ಮಂಡಳಿಯವರು ಯಾರು? ಕ್ಷಮಿಸಬೇಕಾದವಳು ಶರಣಮ್ಮ, ಅವಳು ಖರಾಡಿಯಲ್ಲಿ ಎಲ್ಲೋ ಇದ್ದಳು.

ಆರು ಭಾನುವಾರ ಹುಡುಕಿದೆವು. ಬಾಯಾರ ಸ್ಕೂಟರಿನ ಹಿಂದೆ ಕೂತು ಕಟ್ಟಡದಿಂದ ಕಟ್ಟಡಕ್ಕೆ, ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಯಾದಗಿರಿಯವರು ಯಾರಿದ್ದಾರೆ ಎಂದು ಕೇಳುತ್ತಿದ್ದೆ. ಏಳನೆಯ ಭಾನುವಾರ ಸಿಕ್ಕಳು. ಕಟ್ಟಡದ ಕೆಲಸ ಮೈಗೆ ಆಗದೆ ಒಂದು ಐಟಿ ಕಂಪನಿಯ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದಳು. ಆ ಕಟ್ಟಡಕ್ಕೆ ತಾಯಿ ಮಗಳು ಇಬ್ಬರೂ ಬುಟ್ಟಿ ಹೊತ್ತಿದ್ದರಂತೆ. ಕಾರು ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಮೂವರೂ ಕೂತೆವು. ಬಾಯಾರು ಸುತ್ತು ಬಳಸಲಿಲ್ಲ.

'ಶರಣಮ್ಮಾ, ಆವತ್ತು ನಾ ಹೇಳಿದ್ದು ತಪ್ಪಾಗಿತ್ತು. ಅವು ನಿನ್ನ ಮಗಳವಽ ಇರಬೇಕು. ನಿನ್ನ ರಕ್ತ ಕೊಟ್ಟರ ಖಾತ್ರಿ ಆಗ್ತದ.'

ಶರಣಮ್ಮ ಕೈಯಲ್ಲಿದ್ದ ಪೊರಕೆಯನ್ನು ಪಕ್ಕಕ್ಕೆ ಇಟ್ಟಳು. 'ನನ್ನ ವಾರಿಗೀದು ಅಂದಿದ್ರೆಲ್ರಿ,' ಎಂದಳು.

'ಕುತ್ತಿಗಿ ಎಲುಬು ಸವದಿದ್ವು. ವಯಸ್ಸಾಗಿ ಸವದಾವ ಅಂತ ತಿಳಕೊಂಡೆ. ಬುಟ್ಟಿ ಹೊತ್ತು ಹೊತ್ತು ಹಂಗ ಆಗಿದ್ದು ನನಗ ತಿಳೀಲಿಲ್ಲವ್ವಾ.'

'ಮೊದಲನೇ ಬುಟ್ಟಿ ನಾನಽ ಹೊರಿಸಿದ್ನ್ರಿ,' ಎಂದಳು ಶರಣಮ್ಮ. 'ಎಂಟು ವರ್ಷದಾಕಿ ಇದ್ದಳು. ಸಣ್ಣ ಬುಟ್ಟಿ.'

ಬಾಯಾರು ಅವಳ ಕೈ ಹಿಡಿಯಲು ಹೋದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಳಲಿಲ್ಲ. ನೆಲ ನೋಡುತ್ತಾ ಹೇಳಿದಳು. 'ನೀವು ಅಲ್ಲ ಅಂದ್ರಿ. ಮೂರು ವರ್ಷ ಹಾದಿ ನೋಡಿದ್ನಿ. ಬರಲಿಲ್ಲ. ಆವಾಗ ಓಡಿ ಹೋಗಿದ್ದು ಖರೇನ ಅಂತ ತಿಳಕೊಂಡ್ನಿ. ಎಷ್ಟು ಬೈದೀನ್ರಿ ಆಕೀಗಿ! ಮನ್ಯಾಗ ಆಕಿ ಹೆಸರು ತಗೀಬ್ಯಾಡ್ರಿ ಅಂದೀನಿ. ಆಕಿ ಗಂಡ ಬ್ಯಾರೇ ಮದಿವಿ ಆದಾಗ ನಾನಽ ಹೋಗಿ ಅಕ್ಕಿಕಾಳು ಹಾಕಿ ಬಂದೀನಿ. ಸತ್ತಾಕೀಗಿ ಬೈಕೋತ ಕುಂತಿದ್ನೆಲ್ರಿ ನಾ.'

ಆಮೇಲೆ ತಲೆ ಎತ್ತಿದಳು. 'ಮಣ್ಣಿಗಿ ಕೊಡಬೇಕ್ರಿ ಆಕೀಗಿ. ನಮ್ಮಲ್ಲಿ ಸುಡೂದಿಲ್ಲ. ಊರಾಗ ನಮ್ಮತ್ತಿ ಮಗ್ಗಲಕ ಜಾಗ ಅದ. ಯಾವಾಗ ಕೊಡ್ತೀರಿ?'

ಸುಡುವುದಿಲ್ಲ ಎಂಬ ಮಾತು ಕೇಳಿ ಬಾಯಾರು ನನ್ನ ಕಡೆ ನೋಡಿದರು. ನಾನು ಸಾಲಾಗಿ ನಿಂತ ಕಾರುಗಳ ಕಡೆ ನೋಡಿದೆ. 'ರಕ್ತದ ವರದಿ ಬರಲಿ ಶರಣಮ್ಮಾ,' ಎಂದರು ಬಾಯಾರು. ಅಷ್ಟೇ ಹೇಳಿದರು. ಬರುವಾಗ ದಾರಿಯಲ್ಲಿ, ಸುಟ್ಟದ್ದನ್ನು ವರದಿ ಬಂದ ಮೇಲೆ ನಿಧಾನವಾಗಿ ಹೇಳೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಈ ಸಲ ನಾನೂ ಅವರ ಜೊತೆ ಸೇರಿದ್ದೆ, ಬೈಯಲು ನನಗೆ ಬಾಯಿರಲಿಲ್ಲ.

ರಕ್ತದ ವರದಿಗೆ ಐದು ತಿಂಗಳು ಹಿಡಿಯಿತು. ಹಲ್ಲು ಶಿವಕಾಂತಾಳದೇ ಎಂದು ಬಂತು. ಪೊಲೀಸರು ಹಳೆಯ ಫೈಲು ತೆರೆದರು. ಗುತ್ತಿಗೆದಾರ ಯಾವ ಊರಿಗೆ ಹೋದನೋ, ಆ ಗೌಂಡಿ ಎಂಬುವನು ಇದ್ದನೋ ಇಲ್ಲವೋ, ಒಂದೂ ಗೊತ್ತಾಗಲಿಲ್ಲ. ಅವಳು ಹೇಗೆ ಸತ್ತಳೆಂಬುದು ಇವತ್ತಿಗೂ ತಿಳಿದಿಲ್ಲ. ಆಗಲೇ ಹುಡುಕಿದ್ದರೆ ತಿಳಿಯುತ್ತಿತ್ತೇನೋ. ಆ ಐದು ತಿಂಗಳಲ್ಲಿ ಶರಣಮ್ಮ ಎರಡು ಸಲ ಫೋನು ಮಾಡಿದಳು. ಎರಡು ಸಲವೂ ನಾವು ವರದಿಯ ವಿಷಯವನ್ನಷ್ಟೇ ಮಾತಾಡಿ ಇಟ್ಟೆವು. ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳುವುದೇ ಸರಿ ಎಂದು ನಮ್ಮ ಲೆಕ್ಕ.

ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದೆವು. ಶರಣಮ್ಮ ಒಂಬತ್ತೂವರೆಗೇ ಬಂದಿದ್ದಳು. ತಲೆಸ್ನಾನ ಮಾಡಿದ್ದಳು. ಕೈಯಲ್ಲಿ ಒಂದು ಚೀಲ, ಒಳಗೆ ಹೊಸ ಹಸಿರು ಸೀರೆ, ಹಸಿರು ಬಳೆ, ಅರಿಷಿಣ, ಕುಂಕುಮ. ಮುತ್ತೈದೆಯಾಗಿ ಸತ್ತವಳಿಗೆ ಮಾಡಬೇಕಾದದ್ದನ್ನೆಲ್ಲ ತಂದಿದ್ದಳು. ಸಂಜೆಯ ರೈಲಿಗೆ ಊರಿಗೆ ಹೋಗುವವಳು. ಹವಾಲ್ದಾರ ಕಾಗದ ತುಂಬಿಸಿ ಹೆಬ್ಬೆಟ್ಟು ಒತ್ತಿಸಿಕೊಂಡ. ಹೇಳಬೇಕೆಂದು ಬಾಯಾರು ಕುರ್ಚಿ ಎಳೆದರು. ಅಷ್ಟರಲ್ಲಿ ಶರಣಮ್ಮ ನಾನು ಎಲುಬು ಜೋಡಿಸುವ ಮೇಜಿನ ಮೇಲೆ ಆ ಸೀರೆಯನ್ನು ಬಿಚ್ಚಿ, ಆ ತುದಿಯಿಂದ ಈ ತುದಿಯವರೆಗೆ ಹಾಸಿ, ಸುಕ್ಕು ಸವರಿ ನಿಂತಳು.

ಬಾಯಾರು ಖಾನೆಯಿಂದ ಹತ್ತಿಯ ಪೊಟ್ಟಣ ತೆಗೆದು, ಬಿಚ್ಚಿ, ಗೇಣುದ್ದವೂ ಇಲ್ಲದ ಆ ಒಂದು ಎಲುಬನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ಶರಣಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಸೀರೆಯ ಮೇಲೆ, ತಲೆ ಬರುವ ಕಡೆಗೆ, ಮೆಲ್ಲಗೆ ಇಟ್ಟಳು. ಇಟ್ಟು, ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದಳು.

'ಉಳದದ್ದು ತರ್ರಿ ಯವ್ವಾ,' ಎಂದಳು. 'ನಾ ಕುಂದರ್ತೀನಿ.'

ಆಗ ಬಾಯಾರು ಹೇಳಿದರು. ಎಲ್ಲವನ್ನೂ ಹೇಳಿದರು, ಫೆಬ್ರವರಿ, ಪತ್ರ, ಪರೀಕ್ಷೆ, ಚಿತಾಗಾರ, ಒಂದನ್ನೂ ಬಿಡಲಿಲ್ಲ. ಮೂವತ್ತೊಂದು ಪೆಟ್ಟಿಗೆ ಎತ್ತಿದವನು ನಾನು ಎಂದು ನಾನೂ ಹೇಳಿದೆ. ಹವಾಲ್ದಾರ ಕನ್ನಡ ಬಾರದವನು, ಆದರೂ ಟೋಪಿ ತೆಗೆದು ಹೊರಗೆ ಹೋದ. ಶರಣಮ್ಮ ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು.

ಅವಳು ಸೀರೆಯ ಒಂದು ತುದಿಯನ್ನು ಎತ್ತಿ ಎಲುಬಿನ ಮೇಲೆ ಮಡಿಸಿದಳು. ಇನ್ನೊಂದು ಸಲ ಮಡಿಸಿದಳು. ಆರು ಗಜದ ಸೀರೆ, ಎಷ್ಟು ಮಡಿಸಿದರೂ ಮುಗಿಯಲಿಲ್ಲ, ಗಂಟು ದಪ್ಪವಾಗಿ ಚೀಲದ ಬಾಯಲ್ಲಿ ಹಿಡಿಸಲಿಲ್ಲ. ಬಾಯಾರು ಸಹಾಯಕ್ಕೆಂದು ಕೈ ಚಾಚಿದರು.

'ಇರಲಿ ಬಿಡ್ರಿ,' ಎಂದಳು ಶರಣಮ್ಮ. 'ಮೊದ್ಲಽ ಹೇಳಿದ್ರ ಸಣ್ಣ ಬಟ್ಟಿ ತರ್ತಿದ್ನೆಲ್ರಿ.'